ಮೇಲಿನ ಮನೆಯ ಪ್ಯಾಂಟು

ಪ್ಯಾಂಟು ಅಂದರೆ ಕಾಲಿಗೆ ಹಾಕುವ ಬಟ್ಟೆ, ಅಷ್ಟೇ ಎಂದುಕೊಂಡವರು ಬಾಳೂರಿನ ಆಚೆಯ ಎಸ್ಟೇಟುಗಳಿಗೆ ಬಂದು ನಾಲ್ಕು ದಿನ ಇದ್ದು ನೋಡಬೇಕು. ಅಲ್ಲಿ ಪ್ಯಾಂಟು ಅಂದರೆ ಗಂಡಾಳು. "ನಿಮ್ಮಲ್ಲಿ ಪ್ಯಾಂಟ್ ಎಷ್ಟು, ಸೀರೆ ಎಷ್ಟು?" ಎಂದು ಮೇಸ್ತ್ರಿ ಫೋನಿನಲ್ಲಿ ಕೇಳಿದರೆ ಅವನೇನೂ ಜವಳಿ ಅಂಗಡಿ ಇಡಲು ಹೊರಟಿಲ್ಲ, ಕೆಲಸಕ್ಕೆ ಜನ ಹುಡುಕುತ್ತಿದ್ದಾನೆ. ಮರ ಹತ್ತುವುದು, ಗುಂಡಿ ತೆಗೆಯುವುದು, ಪೈಪು ಎಳೆಯುವುದು ಪ್ಯಾಂಟ್ ಕೆಲಸ. ಹಣ್ಣು ಕೊಯ್ಯುವುದು, ಕಣ ಗುಡಿಸುವುದು ಸೀರೆ ಕೆಲಸ. ಆ ಸೀರೆಯವರು ರಕ್ತ ಹೀರುವ ಇಂಬಳಕ್ಕೆ ಹೆದರಿ ಸೀರೆಯೊಳಗೆ ಗಂಡನ ಹಳೇ ಪ್ಯಾಂಟನ್ನೇ ಏರಿಸಿಕೊಂಡಿರುತ್ತಾರಲ್ಲ, ಅದು ಮಾತ್ರ ಯಾವ ಮೇಸ್ತ್ರಿಯ ಲೆಕ್ಕಕ್ಕೂ ಬರುವುದಿಲ್ಲ. ಆಫೀಸರುಗಳ ಜೀಪು ಬಂದರೋ, "ಪ್ಯಾಂಟಿನವ್ರು ಬಂದ್ರು ಕಣ್ರೇ" ಎಂದು ಹೆಂಗಸರು ಸೆರಗು ಸರಿಮಾಡಿಕೊಳ್ಳುತ್ತಾರೆ. ಒಂದು ಮಾತಿನ ಮೇಲೆ ಎಷ್ಟು ಹೊರೆ ಹೊರಿಸುತ್ತಾರೋ ನಮ್ಮ ಜನ!

ಯಶೋದಾ ಇದ್ದ ಮೇಲಿನ ಮನೆಯಲ್ಲಿ ಲೆಕ್ಕದ ಪ್ರಕಾರ ಒಂದು ಪ್ಯಾಂಟು, ಒಂದು ಸೀರೆ. ಪ್ಯಾಂಟು ಅಂಗಳದ ತಂತಿಯ ಮೇಲಿತ್ತು, ಬೂದು ಬಣ್ಣದ್ದು. ಅದನ್ನು ಹಾಕಬೇಕಾದ ಗಂಡಸು ಮಾತ್ರ ಎಲ್ಲಿದ್ದಾನೆಂದು ಅವಳಿಗೂ ಗೊತ್ತಿರಲಿಲ್ಲ.

ಅವಳೂ ಗಂಡ ಗಿರಿಯೂ ಕಳಸದ ಕಡೆಯವರು. ಕೊಯ್ಲು ಮುಗಿದು ಹೊರಗಿನ ಆಳುಗಳೆಲ್ಲ ಊರಿಗೆ ಹೋದ ಮೇಲೆ, ಒಂದು ಮಂಜಿನ ಸಂಜೆ ಜೀಪಿನಲ್ಲಿ ಬಂದು ಇಳಿದವರು. ತೋಟದ ಒಡತಿ ವಿಶಾಲಾಕ್ಷಮ್ಮ ಚಿಕ್ಕಮಗಳೂರಿನಲ್ಲಿದ್ದಾರೆ. ಅವರದ್ದು ಒಂದೇ ಹಟ: ಮೇಲಿನ ಮನೆಗೆ ಗಂಡ ಹೆಂಡತಿ ಜೋಡಿಯಾಗಿಯೇ ಬೇಕು, ಆನೆ ಓಡಾಡುವ ಜಾಗದಲ್ಲಿ ಒಂಟಿ ಹೆಂಗಸನ್ನು ಇಟ್ಟು ಆಮೇಲೆ ತಲೆ ಮೇಲೆ ಕೈ ಹೊತ್ತು ಕೂರಲು ತಯಾರಿಲ್ಲ. ಕಾಫಿ ಹೂವಿಗೆ ನೀರು ಕೊಟ್ಟು ಮುಗಿಯುವವರೆಗೆ ಕೆಲಸ ನೋಡುತ್ತೇನೆ, ಸರಿ ಕಂಡರೆ ಮನೆಯಲ್ಲಿ ಅವರೇ ಖಾಯಂ ಇರಲಿ ಎಂದಿದ್ದರು.

ಬಂದು ವಾರವಾಗಿರಲಿಲ್ಲ. ಕುಕ್ಕರಿನ ರಬ್ಬರ್ ಹೋಗಿತ್ತು. "ಬಣಕಲ್‌ಗೆ ಹೋಗಿ ತಗೊಂಡ್ ಬರ್ತೀನಿ," ಎಂದು ಗಿರಿ ಹಾಲಿನ ಜೀಪು ಹತ್ತಿದ. ಹೋದವನು ಹೋದ. ಫೋನು ಸ್ವಿಚ್ ಆಫ್. ಯಶೋದಾ ಎರಡು ದಿನ ದಾರಿ ನೋಡಿದಳು, ಮೂರನೆಯ ದಿನ ಅತ್ತಳು, ಆಮೇಲೆ ಸಿಟ್ಟು ಬಂದು ಅವನ ಪ್ಯಾಂಟನ್ನು ಕಲ್ಲಿಗೆ ಬಡಿದು ಬಡಿದು ಒಗೆದಳು. ಒಗೆದ ಮೇಲೆ ಒಣಗಿಸಬೇಕಲ್ಲ, ತಂತಿಗೆ ಹಾಕಿದಳು.

ಹಳ್ಳದ ಆಚೆ, ಎದುರು ಗುಡ್ಡದ ರಸ್ತೆಯಲ್ಲಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಮಂಜಯ್ಯ ಬೈಕು ನಿಲ್ಲಿಸಿದ್ದರು. ವಯಸ್ಸಾದ ಮನುಷ್ಯ, ಮಂಡಿ ನೋವು, ಈ ಏರು ಹತ್ತುವವರಲ್ಲ, ಗಿರಿಯನ್ನು ಹತ್ತಿರದಿಂದ ಕಂಡವರೂ ಅಲ್ಲ. ಏನಿದ್ದರೂ ಅಲ್ಲಿಂದಲೇ ಕೂಗು.

"ಯಶೋದಮ್ಮಾ! ಗಿರಿ ಇದಾನಾ?"

ಇಲ್ಲ ಎಂದರೆ ಸಂಜೆಗೆ ಗಂಟು ಕಟ್ಟಬೇಕು. ಗಂಟು ಹೊತ್ತುಕೊಂಡು ಹೋಗುವುದು ಎಲ್ಲಿಗೆ? ಅಮ್ಮ ಇಲ್ಲದ ತವರು, ಅಣ್ಣನ ಮನೆಯ ಅಡುಗೆಮನೆ ಮೂಲೆ, "ಗಂಡನ್ನ ಹಿಡ್ಕೊಳ್ಳೋಕೂ ಬರ್ಲಿಲ್ವಲ್ಲೇ ನಿಂಗೆ" ಎನ್ನುವ ಅತ್ತಿಗೆ. ಯಶೋದಾ ತಂತಿಯ ಕಡೆ ನೋಡಿದಳು.

"ಮೇಲೆ ತೋಟದಲ್ಲಿದಾರೆ ಸಾರ್!" ಎಂದು ಕೂಗಿಬಿಟ್ಟಳು.

"ನಾಳೆಯಿಂದ ನೀರು ಹೊಡೀಬೇಕು ಅಂತ ಹೇಳು! ಪೈಪ್ ಹಾಕ್ಲಿ!"

ಹೇಳುವುದು ಯಾರಿಗೆ? ಅವಳೇ ಹಾಕಿದಳು. ಗಿರಿಯ ಪ್ಯಾಂಟಿನ ಸೊಂಟ ಅವಳಿಗೆ ದೊಗಳೆ, ಕಾಲು ನೆಲ ಗುಡಿಸುತ್ತಿತ್ತು. ಕೂತು ಸೊಂಟವನ್ನು ಬಿಗಿ ಮಾಡಿ ಹೊಲಿದಳು, ಕಾಲನ್ನು ಕತ್ತರಿಸಿ ಮಡಿಸಿ ಹೊಲಿದಳು. ಮೇಲೆ ಅವನ ಫುಲ್ ಅಂಗಿ, ತಲೆಗೆ ಅವನ ಮಂಕಿ ಕ್ಯಾಪು. ಬೆಳಕು ಹರಿಯುವ ಹೊತ್ತಿಗೆ ಹಳ್ಳದ ಪಂಪು ಶುರು ಮಾಡಿ, ಸ್ಪ್ರಿಂಕ್ಲರ್ ಪೈಪುಗಳನ್ನು ಒಂದೊಂದಾಗಿ ಹೆಗಲಿಗೇರಿಸಿ ಸಾಲಿನಿಂದ ಸಾಲಿಗೆ ಎಳೆದಳು. ಇಬ್ಬರು ಗಂಡಸರು ಬೈದುಕೊಂಡು ಮಾಡುವ ಕೆಲಸ ಅದು. ಬೈಯಲು ಜೊತೆಗೆ ಯಾರೂ ಇರದ ಕಾರಣ ಅವಳು ಪೈಪಿಗೇ ಬೈದಳು.

ಅಷ್ಟರಲ್ಲಿ ಎದುರು ರಸ್ತೆಯಲ್ಲಿ ಬೈಕು ನಿಂತಿತು. ಯಶೋದಾ ಕ್ಯಾಪನ್ನು ಹುಬ್ಬಿನವರೆಗೂ ಎಳೆದುಕೊಂಡಳು. ಮಂಜಯ್ಯ ಇವಳತ್ತ ನೋಡಿದರು, ಕೈ ಎತ್ತಿದರು. ಅವಳೂ ಕೈ ಎತ್ತಿದಳು. ಬೈಕು ಹೋಯಿತು. ಮಧ್ಯಾಹ್ನ ಸೀರೆ ಉಟ್ಟು ಅಂಗಳದಲ್ಲಿ ಪಾತ್ರೆ ತೊಳೆಯುತ್ತಿದ್ದಾಗ ಅವರೇ ಮತ್ತೆ ಕೂಗಿದರು: "ನಿನ್ನ ಗಂಡ ಒಳ್ಳೇ ಕೆಲಸಗಾರ ಮಾರಾಯ್ತಿ!"

ಹೀಗೆ ಗಿರಿ ತೋಟದಲ್ಲಿ ಒಳ್ಳೆಯ ಹೆಸರು ತೆಗೆದುಕೊಂಡ. ಊರಲ್ಲಿದ್ದಾಗ ಬಾರದ ಹೆಸರು, ಊರು ಬಿಟ್ಟ ಮೇಲೆ ಬಂತು. ಅಂಗಡಿ ಕಟ್ಟೆಯಲ್ಲಿ ಹರಟೆ ಹೊಡೆಯುವುದಿಲ್ಲ, ಕುಡಿಯುವುದಿಲ್ಲ, ಬೆಳಗಾಗುವ ಮೊದಲೇ ಪೈಪಿನ ಹತ್ತಿರ ಇರುತ್ತಾನೆ! ಅಂಗಡಿಯ ದ್ಯಾವಮ್ಮನಂತೂ, "ನಿನ್ನ ಹೊಟ್ಟೆ ತಣ್ಣಗಿರ್ಲಿ, ಎಂಥಾ ಗಂಡನ್ನ ಪಡ್ದೀಯೇ," ಎಂದು ಹೇಳಿಯೇ ಬಿಟ್ಟಳು. ಯಶೋದಾ ನಾಚಿಕೊಂಡವಳಂತೆ ತಲೆ ತಗ್ಗಿಸಿದಳು.

ಹಗಲು ಹೇಗೋ ಕಳೆಯುತ್ತಿತ್ತು. ಪ್ಯಾಂಟಾಗಿ ಅರ್ಧ ದಿನ, ಸೀರೆಯಾಗಿ ಅರ್ಧ ದಿನ. ಸಂಜೆಯೇ ಕಷ್ಟ. ಸುತ್ತ ಕಾಫಿ ಗಿಡ, ಅದರಾಚೆ ಕಾಡು, ಮನುಷ್ಯರ ಸದ್ದು ಒಂದಿಷ್ಟೂ ಇಲ್ಲ. ಮೊದಮೊದಲು ಹೊರಗಿನವರಿಗೆ ಕೇಳಲೆಂದು ಇಲ್ಲದ ಗಿರಿಯ ಹತ್ತಿರ ಜೋರಾಗಿ ಮಾತಾಡುತ್ತಿದ್ದಳು: "ರೀ, ಬಾಗಿಲು ಹಾಕ್ಲಾ? ರೀ, ಊಟಕ್ಕೆ ಬನ್ನಿ." ಕೇಳುವ ಹೊರಗಿನವರೇ ಇಲ್ಲವೆಂದು ಗೊತ್ತಾದ ಮೇಲೂ ಮಾತು ನಿಲ್ಲಲಿಲ್ಲ. ಈ ಗಿರಿ ಸಾರಿಗೆ ಉಪ್ಪು ಸಾಲದು ಎನ್ನುತ್ತಿರಲಿಲ್ಲ. ಅವಳ ಕೈಯ ಬೊಬ್ಬೆ ಕಂಡರೆ, ಪಾಪ, ಸುಮ್ಮನಿರುತ್ತಿದ್ದ. ಅವಳಿಗೆ ಹುಚ್ಚು ಹಿಡಿದಿರಲಿಲ್ಲ, ಗೋಡೆಯ ಹತ್ತಿರ ಮಾತಾಡುತ್ತಿದ್ದೇನೆ ಎಂದು ಚೆನ್ನಾಗಿಯೇ ತಿಳಿದಿತ್ತು. ಆದರೂ ಒಬ್ಬರ ಹತ್ತಿರ ಮಾತಾಡದೆ ಇರುವುದು ಎಷ್ಟು ದಿನ?

ನಿಜವಾದ ಮನುಷ್ಯ ಎಂದು ಅವಳಿಗಿದ್ದದ್ದು ಬೆಳಗಿನ ಆ ಒಂದು ಕೈ. ರಸ್ತೆಯಲ್ಲಿ ಬೈಕು ನಿಲ್ಲುತ್ತಿತ್ತು, ಮಂಜಯ್ಯ ಕೈ ಎತ್ತುತ್ತಿದ್ದರು, ಅವಳು ಎತ್ತುತ್ತಿದ್ದಳು. ಬೈಕು ಬಾರದ ದಿನ ಅವಳಿಗೆ ತಿಂಡಿಯೂ ಸೇರುತ್ತಿರಲಿಲ್ಲ. ಅದೂ ತನಗೆ ಎತ್ತಿದ ಕೈಯಲ್ಲ, ಗಿರಿಗೆ ಎತ್ತಿದ್ದು ಎಂದು ನೆನಪಾದಾಗ ಪೈಪನ್ನು ಮತ್ತೆ ಹೆಗಲಿಗೇರಿಸುತ್ತಿದ್ದಳು.

ನೀರು ಬಿದ್ದ ಗಿಡಗಳಲ್ಲಿ ಮೊಗ್ಗು ಉಬ್ಬಿ, ಒಂದು ಬೆಳಿಗ್ಗೆ ಗುಡ್ಡಕ್ಕೆ ಗುಡ್ಡವೇ ಬೆಳ್ಳಗಾಯಿತು. ಆ ಮಧ್ಯಾಹ್ನವೇ ಗಿರಿ ಬಂದ.

ಪೇಟೆಗೆ ಹೋದವನು ಬಂದ ಹಾಗೆ ಬಂದ. ಹೆಗಲಿಗೆ ಒಂದು ಬ್ಯಾಗು, ಹೊಸ ಜೀನ್ಸು, ಮುಖ ಮಾತ್ರ ಇಳಿದುಹೋಗಿತ್ತು. ಯಶೋದಾ ಹೊಸ್ತಿಲಿಗೆ ಬಂದಳು. ಸುಳ್ಳೇಕೆ ಹೇಳಬೇಕು, ಅವಳಿಗೆ ಮೊದಲು ಆದದ್ದು ಖುಷಿಯೇ. ಮನೆಯೊಳಗೆ ಇನ್ನೊಂದು ಉಸಿರು! ಬೈಗುಳವನ್ನೆಲ್ಲ ಸಾಲಾಗಿ ಜೋಡಿಸಿಟ್ಟುಕೊಂಡಿದ್ದವಳು ಕೇಳಿದ್ದು ಇಷ್ಟೇ:

"ಕುಕ್ಕರ್ ರಬ್ಬರ್ ತಂದ್ರಾ?"

"ಯಾವ ರಬ್ಬರ್?" ಎಂದ ಗಿರಿ. "ಹಸಿವೆ ಕಣೇ, ಮೊದ್ಲು ಊಟ ಹಾಕು."

ಹಾಕಿದಳು. ಮಂಗಳೂರಿನಲ್ಲಿ ಹೋಟೆಲ್ ಕೆಲಸಕ್ಕಿದ್ದನಂತೆ, ಸರಿಹೋಗಲಿಲ್ಲವಂತೆ. ಯಾಕೆ ಹೇಳದೆ ಹೋದಿರಿ ಎಂದರೆ, "ಈ ಕಾಡಲ್ಲಿ ಮನ್ಸು ನಿಲ್ಲಲಿಲ್ಲ, ಎಂತ ಮಾಡೋದು?" ಇವಳು ಇದೇ ಕಾಡಿನಲ್ಲಿ ಹೇಗಿದ್ದಳು ಎಂದು ಕೇಳಲಿಲ್ಲ. "ಸಾರಿಗೆ ಉಪ್ಪು ಸಾಲದು," ಎಂದ. ಆದರೂ ಯಶೋದಾ ಇನ್ನೊಂದು ಸೌಟು ಅನ್ನ ಬಡಿಸಿದಳು. ಉಪ್ಪು ಸಾಲದೆಂದು ಹೇಳುವುದಕ್ಕಾದರೂ ಒಬ್ಬರು ಇರಲಿ ಎನಿಸಿತು.

ಕೈ ತೊಳೆಯಲು ಅಂಗಳಕ್ಕೆ ಬಂದ ಗಿರಿ ತಂತಿ ನೋಡಿ, "ಅರೆ, ನನ್ ಪ್ಯಾಂಟು!" ಎಂದು ಎಳೆದುಕೊಂಡ. ಸೊಂಟಕ್ಕೆ ಹಿಡಿದು ನೋಡಿದ. ಬಟನ್ನಿಗೂ ಕಾಜಕ್ಕೂ ನಡುವೆ ಒಂದು ಗೇಣು. ಕಾಲು ಅವನ ಮೀನಖಂಡದ ಹತ್ತಿರವೇ ನಿಂತಿತು. "ಇದೆಂತದೇ ಮಾರಾಯ್ತಿ, ಯಾರ ಮಗೂಗೆ ಹೊಲಿದಿದ್ದು?" ಎಂದು ನಗತೊಡಗಿದ.

ಆಗಲೇ ಜೀಪಿನ ಸದ್ದು. ಇಷ್ಟು ದಿನ ಏರು ಹತ್ತದಿದ್ದ ಮಂಜಯ್ಯ ಜೀಪಿನಿಂದ ಇಳಿದು, ಕೋಲು ಊರಿಕೊಂಡು ಅಂಗಳಕ್ಕೆ ಬಂದರು.

"ಸಿಹಿ ಸುದ್ದಿ ಯಶೋದಮ್ಮ. ಅಮ್ಮನವ್ರು ಫೋನಲ್ಲಿ ಹೂವಿನ ಫೋಟೋ ನೋಡಿ ಬಹಳ ಸಂತೋಷಪಟ್ರು. ಮನೆ ಇನ್ನು ನಿಮಗೇ ಖಾಯಂ. ಕೂಗಿ ಹೇಳೋ ಮಾತಲ್ಲ ಅಂತ ನಾನೇ ಬಂದೆ." ಆಮೇಲೆ ಗಿರಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಇವ್ರು ಯಾರು?"

ಗಿರಿಯ ಕಿವಿಗೆ ಮನೆ, ಖಾಯಂ ಎನ್ನುವ ಮಾತು ಬಿದ್ದಾಗಿತ್ತು. ಎದೆ ಸೆಟೆಸಿ, "ನಾನೇ ಸಾರ್, ಗಿರಿ," ಎಂದ.

"ನೀನಾ? ಇಷ್ಟು ದಿನ ಬೆಳಗಾಗೋ ಮುಂಚೆ ಪೈಪ್ ಎಳ್ದಿದ್ದು ನೀನಾ?"

ಗಿರಿ ಒಂದು ಕ್ಷಣ ಯಶೋದಾಳ ಮುಖ ನೋಡಿದ. ಏನೂ ತಿಳಿಯದಿದ್ದರೂ ತನಗೆ ಏನೋ ಲಾಭವಿದೆ ಎಂದು ಮಾತ್ರ ತಿಳಿಯಿತು. "ಮತ್ಯಾರು ಸಾರ್? ಭಾರಿ ಕಷ್ಟಪಟ್ಟೆ. ಹೆಗಲೆಲ್ಲ ಕಿತ್ತುಹೋಯ್ತು."

ಯಶೋದಾ ಸೆರಗಿನೊಳಗೆ ತನ್ನ ಹೆಗಲು ಮುಟ್ಟಿಕೊಂಡಳು. ಪೈಪು ಉಜ್ಜಿ ಉಜ್ಜಿ ಅಲ್ಲಿ ಚರ್ಮ ದಪ್ಪಗಾಗಿತ್ತು. ಅವನು ಓಡಿಹೋದದ್ದನ್ನು ಅವಳು ನುಂಗಿಕೊಂಡಿದ್ದಳು, ಉಪ್ಪಿನ ಮಾತನ್ನೂ ನುಂಗಿಕೊಂಡಿದ್ದಳು. ಇದು ಮಾತ್ರ ಗಂಟಲಲ್ಲಿ ಇಳಿಯಲಿಲ್ಲ.

"ನಾನು ದಿನಾ ನೋಡೋ ಗಿರಿ ಇಷ್ಟು ಎತ್ತರ ಇಲ್ಲಪ್ಪ," ಎಂದರು ಮಂಜಯ್ಯ, ಅವನ ಕೈಯಲ್ಲಿದ್ದ ತುಂಡು ಕಾಲಿನ ಪ್ಯಾಂಟನ್ನು ನೋಡುತ್ತಾ. "ನನ್ ಕಣ್ಣು ಮೊದಲಿನ ಹಾಗಿಲ್ಲ, ಇರ್ಲಿ. ನೀನೇ ಹೇಳಮ್ಮ. ನೀನು ಹೌದು ಅಂದ್ರೆ ಹೌದು, ಅಲ್ಲ ಅಂದ್ರೆ ಅಲ್ಲ. ಇವ್ರು ಯಾರು?"

ಹೌದು ಎಂದರೆ ಸಂಜೆ ಮನೆಯಲ್ಲಿ ಎರಡು ದನಿ. ಅಲ್ಲ ಎಂದರೆ ಮತ್ತೆ ಗೋಡೆ, ಮತ್ತೆ ಕಾಡು, ಬಹುಶಃ ಸಾಯುವವರೆಗೂ. ಇವನು ಕೆಟ್ಟವನೇನಲ್ಲ ಎಂದು ಅವಳ ಮನಸ್ಸೇ ಅವಳಿಗೆ ಗೋಗರೆಯಿತು. ಯಶೋದಾಳಿಗೆ ಭಯವಾಯಿತು, ಬಹಳ ಭಯವಾಯಿತು.

"ಗೊತ್ತಿಲ್ಲ ಸಾರ್," ಎಂದಳು. "ಹಸಿವು ಅಂತ ಬಂದ್ರು. ಊಟ ಹಾಕ್ದೆ."

ಗಿರಿ ಮೊದಲು ನಕ್ಕ. ಆಮೇಲೆ, "ಏ, ತಲೆ ಕೆಟ್ಟಿದೆಯೇನೇ ನಿಂಗೆ?" ಎಂದು ದನಿ ಏರಿಸಿದ. ಆಮೇಲೆ ಮೆತ್ತಗೆ, "ಯಶೋದಾ," ಎಂದ. ಆ ಮೂರನೆಯದಕ್ಕೆ ಅವಳು ಮುಖ ಎತ್ತಿದ್ದರೆ ಕಥೆ ಬೇರೆಯಾಗುತ್ತಿತ್ತು. ಅವಳು ಎತ್ತಲಿಲ್ಲ. ಕಣ್ಣೀರು ಅಂಗಳದ ಮಣ್ಣಿನ ಮೇಲೆ ಬೀಳುತ್ತಿದ್ದುದನ್ನೇ ನೋಡುತ್ತಾ ನಿಂತಳು.

"ಬಾ ಮಾರಾಯ, ಬಾಳೂರಲ್ಲಿ ಬಸ್ ಸಿಗ್ತದೆ, ಬಿಡ್ತೀನಿ," ಎಂದು ಮಂಜಯ್ಯ ಅವನ ಕೈಯಿಂದ ಪ್ಯಾಂಟನ್ನು ತೆಗೆದುಕೊಂಡರು. ಗಿರಿ ಏನೋ ಗೊಣಗುತ್ತಾ ಬ್ಯಾಗು ಎತ್ತಿ ಜೀಪು ಹತ್ತಿದ. ಮಂಜಯ್ಯ ಪ್ಯಾಂಟನ್ನು ಕೊಡವಿ, ತಂತಿಯ ಮೇಲೆ ಹರವಿ, ಕ್ಲಿಪ್ಪನ್ನೂ ಸಿಕ್ಕಿಸಿದರು. ಆಮೇಲೆ ದನಿ ತಗ್ಗಿಸಿದರು.

"ನಿಮ್ಮ ಗಿರಿಗೆ ಒಂದು ಮಾತು ಹೇಳಮ್ಮ. ಪೈಪ್ ಎಳೆಯೋವಾಗ ಮಂಕಿ ಕ್ಯಾಪ್ ಹಿಂದೆ ಜಡೆ ಕಾಣ್ತದೆ. ಮೊದಲ ದಿನದಿಂದ್ಲೂ ಹೇಳ್ಬೇಕು ಅಂತಿದ್ದೆ. ಅಮ್ಮನವ್ರು ಬಂದಾಗ ಸ್ವಲ್ಪ ಎತ್ತಿ ಕಟ್ಕೊಳ್ಲಿ."

ಜೀಪು ಇಳಿದುಹೋಯಿತು. ಯಶೋದಾ ಹೊಸ್ತಿಲ ಮೇಲೆ ಕುಸಿದು ಕೂತಳು. ಜಡೆ ಹಿಡಿದುಕೊಂಡು ಅತ್ತಳು, ನಡುವೆ ನಗುವೂ ಬಂತು. ಆ ಸಂಜೆ ಮನೆ ಎಂದಿನಂತೆ ಖಾಲಿಯಾಗಿಯೇ ಇತ್ತು. ಅವಳು ಯಾರನ್ನೂ ಊಟಕ್ಕೆ ಕರೆಯಲಿಲ್ಲ.

ಮರುದಿನ ಬೆಳಿಗ್ಗೆ ಪ್ಯಾಂಟು ಹಾಕಿ, ನೀರು ಮುಗಿದು ಬಿಚ್ಚಿದ ಪೈಪು ಹೆಗಲಿಗೇರಿಸಿ ಬಿಳಿ ಹೂವಿನ ನಡುವೆ ಹೋಗುತ್ತಿದ್ದಾಗ ಎದುರು ರಸ್ತೆಯಲ್ಲಿ ಬೈಕು ನಿಂತಿತು. ಮಂಜಯ್ಯ ಕೈ ಎತ್ತಿದರು. ಯಶೋದಾ ಪೈಪು ಇಳಿಸಿದಳು, ಮಂಕಿ ಕ್ಯಾಪು ತೆಗೆದಳು, ಜಡೆ ಬೆನ್ನ ಮೇಲೆ ಬಿತ್ತು. ಅವಳೂ ಕೈ ಎತ್ತಿದಳು. ಆಚೆಯ ಕೈ ಇಳಿಯುವವರೆಗೂ ಇಳಿಸಲಿಲ್ಲ.