ನೂರರಲ್ಲಿ ಏಳು

ಕಂಪನಿಯ ಐದು ಕಟ್ಟಡಗಳಲ್ಲಿ ನಾಲ್ಕು ದುಡಿಯುತ್ತಿದ್ದವು, ಒಂದು ತಿನ್ನುತ್ತಿತ್ತು. ತಿನ್ನುತ್ತಿದ್ದ ಆ ಐದನೆಯದರಲ್ಲಿ ಮೊಬೈಲ್ ಫೋನಿನ ಚಿಪ್ ತಯಾರಾಗುತ್ತಿತ್ತು. ಅದರ ಪರೀಕ್ಷಾ ಕೋಣೆಯಲ್ಲಿ ಅಕ್ಕ ಹದಿನಾಲ್ಕು ವರ್ಷ ಸವೆಸಿದ್ದಳು. ಒಡಹುಟ್ಟಿದ ತಮ್ಮ ಒಬ್ಬನೇ ಆದರೂ, ಆ ಕೋಣೆಯ ಮೂವತ್ತೊಂದು ಜನಕ್ಕೂ, ವಯಸ್ಸಿನಲ್ಲಿ ದೊಡ್ಡವರಿಗೂ ಅವಳು ಅಕ್ಕನೇ.

ತಮ್ಮ ಇದ್ದದ್ದು ಎದುರು ಕಟ್ಟಡದಲ್ಲಿ. ಅಲ್ಲಿ ಮಾಡುವುದು ದೊಡ್ಡ ದೊಡ್ಡ ಸರ್ವರ್‌ಗಳ ಚಿಪ್. ಕಂಪನಿಯ ಅನ್ನ ಬೇಯುವುದು ಅದರ ಬಿಸಿಯಲ್ಲೇ.

ಮಂಗಳವಾರ ಮಧ್ಯಾಹ್ನ ಕ್ಯಾಂಟೀನಿನಲ್ಲಿ ಅವನು ಊಟದ ಡಬ್ಬಿ ಹಿಡಿದು ಬಂದು ಅವಳೆದುರು ಕುಳಿತ.

“ಏನಕ್ಕ, ನಾವು ದುಡಿದು ಹಾಕಿದ್ದು ರುಚಿಯಾಗಿದೆಯಾ?”

“ಉಪ್ಪು ಕಮ್ಮಿ. ಇನ್ನೊಂಚೂರು ಬೆವರು ಸುರಿಸಿ.”

ದಿನವೂ ನಡೆಯುವ ತಮಾಷೆ ಇದು. ಅವತ್ತು ತಮ್ಮ ನಗಲಿಲ್ಲ. ಡಬ್ಬಿಯ ಮುಚ್ಚಳವನ್ನು ತೆಗೆದು, ಮತ್ತೆ ಹಾಕಿದ.

“ಗುರುವಾರ ಅಧ್ಯಕ್ಷೆ ಬರ್ತಾರೆ. ನಿಮ್ಮ ವಿಭಾಗ ಇಟ್ಕೋಬೇಕಾ, ಮುಚ್ಚಬೇಕಾ ಅಂತ ಅವತ್ತೇ ತೀರ್ಮಾನ. ಅಭಿಪ್ರಾಯ ಹೇಳೋಕೆ ನನ್ನನ್ನೂ ಕರೆದಿದಾರೆ.”

“ಗೊತ್ತು.”

“ಮುಚ್ಚಿ ಅಂತ ಹೇಳ್ತೀನಕ್ಕ.”

ಅವಳು ಬಾಯಲ್ಲಿದ್ದ ತುತ್ತನ್ನು ಪೂರ್ತಿ ಅಗಿದು ನುಂಗಿದಳು. “ಯಾಕೆ ಅಂತಾನೂ ಹೇಳು.”

“ಆರು ಚಿಪ್ ಮಾಡಿದ್ರಿ, ಆರೂ ನಷ್ಟ. ಹೊಳೇಲಿ ಹುಣಸೆಹಣ್ಣು ಕಿವುಚಿದ ಹಾಗೆ. ನಿಮ್ಮ ಜನ ನಮ್ಮ ಕಡೆ ಬಂದ್ರೆ ಎರಡು ವರ್ಷದ ಕೆಲಸ ಒಂದೇ ವರ್ಷಕ್ಕೆ ಮುಗಿಯುತ್ತೆ. ನಿನಗೆ ಅದು ಕಾಣಲ್ಲ. ಹೆತ್ತೋರಿಗೆ ಹೆಗ್ಗಣ ಮುದ್ದು.”

“ಹೆಗ್ಗಣ ಅನ್ನು, ಬೇಜಾರಿಲ್ಲ. ಆದ್ರೆ ಗುರುವಾರ ನನ್ನ ಮುಖ ನೋಡ್ಕೊಂಡೇ ಅನ್ನು.”

ಹಾಗೆ ಅಂದು ಎದ್ದು ಮೆಟ್ಟಿಲು ಹತ್ತಿದಳು. ಮುಚ್ಚಿದರೆ ಕೆಲಸ ಹೋಗದು, ಬೇರೆ ಕಟ್ಟಡದಲ್ಲಿ ಎಲ್ಲರಿಗೂ ಒಂದೊಂದು ಕುರ್ಚಿ ಸಿಕ್ಕೀತು. ಆದರೆ ಮೂವತ್ತೊಂದು ಜನ ಒಂದು ಕೋಣೆಯಲ್ಲಿ ಸೋತು ಸೋತು ಕಲಿತ ವಿದ್ಯೆ ಮೂವತ್ತೊಂದು ಚೂರಾಗಿ ಹಂಚಿಹೋಗುತ್ತಿತ್ತು.

ಮೇಲೆ ಮ್ಯಾನೇಜರು ಕಾದಿದ್ದ. ಯಾವ ಸೋಲನ್ನೂ ಬಣ್ಣಬಣ್ಣದ ಸ್ಲೈಡಿನಲ್ಲಿ ಗೆಲುವಿನಂತೆ ತೋರಿಸಬಲ್ಲವನಾದ್ದರಿಂದ ಅವನಿಗೆ ‘ಬಣ್ಣದ ಸಾಹೇಬ’ ಎಂದೇ ಹೆಸರು.

“ಅಕ್ಕ, ಗುರುವಾರ ಹಸಿರು ಪೆಟ್ಟಿಗೆ ಒಂದನ್ನೇ ತನ್ನಿ. ರ‍್ಯಾಕ್ ಒಳಗಡೆನೇ ಇರಲಿ.”

ಒಂದೇ ನಕ್ಷೆ, ಒಂದೇ ಯಂತ್ರ, ಒಂದೇ ದಿನ. ಆದರೂ ಚಿಪ್‌ಗಳೆಲ್ಲ ಒಂದೇ ಥರ ಇರುವುದಿಲ್ಲ, ಒಂದೇ ತಾಯಿಯ ಮಕ್ಕಳಿದ್ದಂತೆ. ಕೆಲವು ಹೆಚ್ಚು ಬಿಸಿಯಾಗುತ್ತವೆ, ಕೆಲವು ಕಡಿಮೆ. ಆರನೇ ಚಿಪ್ಪನ್ನು ನೂರು ಪರೀಕ್ಷೆಯ ಫೋನ್‌ಗಳಲ್ಲಿ ಕೂರಿಸಿ ನೋಡಿದ್ದರು. ಪೈಪೋಟಿಯ ಕಂಪನಿಯದಕ್ಕಿಂತ ತಣ್ಣಗಿದ್ದವು ಏಳೇ ಏಳು. ಅವು ಹಸಿರು ಪೆಟ್ಟಿಗೆಯಲ್ಲಿದ್ದವು. ಮಿಕ್ಕ ತೊಂಬತ್ತಮೂರು ರ‍್ಯಾಕ್‌ನಲ್ಲಿ.

“ಗಿರಾಕಿಗಳಿಗೆ ತೋರಿಸುವಾಗ ಎಲ್ಲಾ ಕಂಪನಿಯವರೂ ಆಯ್ದದ್ದನ್ನೇ ತೋರಿಸ್ತಾರೆ,” ಎಂದ ಸಾಹೇಬ. “ಹೆಣ್ಣು ನೋಡೋಕೆ ಬಂದಾಗ ಹರಕು ಸೀರೆ ಉಡಿಸ್ತಾರಾ?”

“ಬಂದಿರೋರು ಮನೆ ಯಜಮಾನ್ತಿ ಸಾರ್. ಅವರಿಗೆ ಬೀರು ತೆಗೆದು ತೋರಿಸ್ಬೇಕು.”

ಗುರುವಾರ ಅವಳು ಸಭೆಗೆ ಎರಡನ್ನೂ ತಂದಳು. ಪೆಟ್ಟಿಗೆ ಕೈಯಲ್ಲಿ, ರ‍್ಯಾಕ್ ಕಿರುಗುಟ್ಟುವ ಗಾಲಿಯ ಮೇಲೆ. ಸಾಹೇಬನ ಮುಖ ಹರಳೆಣ್ಣೆ ಕುಡಿದಂತಾಯಿತು.

ಅಧ್ಯಕ್ಷೆ ಬೆಳ್ಳಿಕೂದಲಿನ, ಮಿತಭಾಷಿ ಹೆಂಗಸು. ಸ್ಲೈಡಿನ ಪರದೆಯ ಕಡೆ ಬೆನ್ನು ಹಾಕಿ ಕೂತರು.

“ಮೇಡಂ, ಈ ಪೆಟ್ಟಿಗೇಲಿ ಆಯ್ದ ಏಳಿದೆ,” ಎಂದಳು ಅಕ್ಕ. “ರ‍್ಯಾಕ್‌ನಲ್ಲಿ ಉಳಿದ ತೊಂಬತ್ತಮೂರು. ಅಂಗಡಿಗೆ ಹೋದ್ರೆ ಜನರ ಕೈಗೆ ಸಿಗೋದು ರ‍್ಯಾಕ್‌ನಲ್ಲಿರೋದೇ. ಅದ್ರಲ್ಲಿ ನೀವೇ ಒಂದು ತೆಗೀರಿ.”

ಪರೀಕ್ಷಾ ಕೋಣೆಯಲ್ಲಿ ಒಂದು ರೂಢಿಯಿತ್ತು. ಉಪಕರಣಗಳು ಏನೇ ಹೇಳಲಿ, ಕೊನೆಯ ತೀರ್ಪು ಕೆನ್ನೆಯದು. ಅರ್ಧ ಗಂಟೆ ಫೋನನ್ನು ದುಡಿಸಿ ಕೆನ್ನೆಗಿಟ್ಟು ನೋಡುವುದು. ಕೆನ್ನೆಗೆ ಬಣ್ಣದ ಸ್ಲೈಡು ತಿಳಿಯುವುದಿಲ್ಲ. ಅಧ್ಯಕ್ಷೆ ಕೆಳಗಿನ ಸಾಲಿನಿಂದ ಒಂದನ್ನು ತೆಗೆದರು. ಅರ್ಧ ಗಂಟೆಯ ಮೇಲೆ ಎಡಗೆನ್ನೆಗೆ ಅದನ್ನು, ಬಲಗೆನ್ನೆಗೆ ಅಷ್ಟೇ ಹೊತ್ತು ದುಡಿದ ಪೈಪೋಟಿ ಕಂಪನಿಯದನ್ನು ಒತ್ತಿ ಕಣ್ಣು ಮುಚ್ಚಿದರು.

“ನಿಮ್ಮದು ಸುಡುತ್ತೆ.”

“ಹೌದು. ಇದ್ರಲ್ಲಿ ಸೋತಿದ್ದೀವಿ,” ಎಂದು ಅಕ್ಕ ಹಸಿರು ಪೆಟ್ಟಿಗೆ ತೆರೆದು ಒಂದು ಫೋನಿಗೆ ಚಾಲನೆ ಕೊಟ್ಟಳು. “ಇದಕ್ಕೂ ಅರ್ಧ ಗಂಟೆ ಕೊಡಿ.”

ಆ ಅರ್ಧ ಗಂಟೆ ತಮ್ಮನಿಗೆ ಬಂತು. ಅವನು ಎದ್ದು ನಿಂತು, ಅಕ್ಕನ ಮುಖವನ್ನೇ ನೋಡುತ್ತ, ಕ್ಯಾಂಟೀನಿನಲ್ಲಿ ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದ. ಹುಣಸೆಹಣ್ಣೂ ಬಂತು. ಎಂಟು ವರ್ಷದವನಿದ್ದಾಗ ಅಂಕಪಟ್ಟಿ ಬಚ್ಚಿಟ್ಟನೆಂದು ಇವನ ಕಿವಿ ಹಿಂಡಿದ್ದವಳು ಅವಳೇ. ಈಗ ಅವನ ದನಿ ನಡುಗದೆ ಇದ್ದುದನ್ನು ಕೇಳಿ ಅವಳಿಗೆ ನೋವಿಗಿಂತ ಒಂದು ಗುಲಗಂಜಿ ಹೆಚ್ಚು ಹೆಮ್ಮೆಯೇ ಆಯಿತು.

“ನಿಮ್ಮ ಸರ್ವರ್ ಚಿಪ್ಪಿಗೆ ಇವರಿಂದ ಏನೂ ಉಪಯೋಗ ಇಲ್ವಾ?” ಅಧ್ಯಕ್ಷೆ ಕೇಳಿದರು.

ತಮ್ಮ ಒಪ್ಪಿಕೊಂಡ. “ಇದೆ ಮೇಡಂ. ನಮ್ಮ ಗಿರಾಕಿಗಳ ದೊಡ್ಡ ತಲೆನೋವು ಬಿಸಿ. ತಣ್ಣಗಿಡೋ ವಿದ್ಯೆ ನಮಗಿಂತ ಇವರಿಗೆ ಚೆನ್ನಾಗಿ ಗೊತ್ತು. ಅದಕ್ಕೇ ಇವರ ಜನಾನ ನಮಗೆ ಕೊಡಿ ಅಂತಿರೋದು.”

“ಬಾವಿ ಮುಚ್ಚಿ ಬಿಂದಿಗೆ ಹೊತ್ಕೊಂಡು ಹೋಗ್ತೀನಿ ಅಂತಾನೆ ಮೇಡಂ ಇವನು,” ಎಂದಳು ಅಕ್ಕ. “ನಿಮ್ಮಲ್ಲಿ ಬಿಸಿಯಾದ್ರೆ ಇನ್ನೊಂದು ಫ್ಯಾನ್ ಇಡ್ತೀರಪ್ಪ. ಫೋನು ಅಂಗೈಲಿರುತ್ತೆ, ಅದಕ್ಕೆ ಫ್ಯಾನ್ ಎಲ್ಲಿಡೋದು? ಆ ಇಕ್ಕಟ್ಟಿಗೆ ಸಿಕ್ಕಿಕೊಂಡೇ ನಾವು ಕಲಿತಿದ್ದು. ಇಕ್ಕಟ್ಟು ತೆಗೆದ್ರೆ ಕಲಿಯೋದೂ ನಿಲ್ಲುತ್ತೆ.”

ಅರ್ಧ ಗಂಟೆ ಮುಗಿಯಿತು. ಅಧ್ಯಕ್ಷೆ ಎರಡನೇ ಸಲ ಕೆನ್ನೆಗಿಟ್ಟರು. ಈ ಸಲ ಬಹಳ ಹೊತ್ತು.

“ಇದು ಅವರದಕ್ಕಿಂತ ತಂಪಾಗಿದೆ.”

“ಐದನೇ ಚಿಪ್ಪಲ್ಲಿ ನೂರಕ್ಕೆ ಒಂದೂ ಹೀಗಿರಲಿಲ್ಲ ಮೇಡಂ. ಈಗ ಒಂದೇ ಬಂದಿದ್ರೆ ಅದೃಷ್ಟ ಅನ್ನಬಹುದಿತ್ತು. ಏಳು ಬಂದಿದೆ ಅಂದ್ರೆ ನಕ್ಷೆ ಸರಿಯಿದೆ. ಕೈ ಇನ್ನೂ ಪಳಗಬೇಕು.”

ಅಧ್ಯಕ್ಷೆ ಒಂದು ಬಿಳಿ ಹಾಳೆಯನ್ನು ಅವಳತ್ತ ಸರಿಸಿದರು.

“ಇನ್ನೊಂದು ಚಿಪ್ಪಿಗೆ ದುಡ್ಡು ಕೊಡ್ತೀನಿ. ಹದಿನೆಂಟು ತಿಂಗಳು. ಅವತ್ತು ನೂರರಲ್ಲಿ ಎಷ್ಟು ಹೀಗೆ ತಣ್ಣಗಿರಬೇಕು, ನೀವೇ ಬರೀರಿ. ಒಂದು ಕಮ್ಮಿಯಾದ್ರೂ ಮುಚ್ತೀನಿ, ಆಮೇಲೆ ಮಾತಿಲ್ಲ.”

ಮೇಜಿನ ಕೆಳಗೆ ಬಣ್ಣದ ಸಾಹೇಬ ನಾಲ್ಕು ಬೆರಳು ತೋರಿಸಿದ. ನಲವತ್ತು. ಮುಟ್ಟಬಹುದಾದ ಸಂಖ್ಯೆ. ಅಕ್ಕನಿಗೂ ಮೊದಲು ಹೊಳೆದದ್ದು ಅದೇ. ಪೆನ್ನು ಹಾಳೆಯ ಮೇಲೆ ನಿಂತೇ ಇತ್ತು. ನಲವತ್ತು ಬರೆದರೆ ವಿಭಾಗ ಉಳಿಯುತ್ತದೆ, ಆದರೆ ಏನಾಗಿ ಉಳಿಯುತ್ತದೆ? ಮತ್ತೆ ಪೆಟ್ಟಿಗೆ, ಮತ್ತೆ ಆಯ್ಕೆ, ಮತ್ತೆ ಸ್ಲೈಡು. ಎಪ್ಪತ್ತು ಎಂದು ಅಕ್ಷರದಲ್ಲೂ ಅಂಕೆಯಲ್ಲೂ ಬರೆದು ಕೆಳಗೆ ಸಹಿ ಹಾಕಿದಳು.

ಹೊರಗೆ ತಮ್ಮ ಅವಳ ಜೊತೆ ಹೆಜ್ಜೆ ಹಾಕಿದ.

“ನಲವತ್ತು ಅಂದಿದ್ರೂ ಒಪ್ಕೋತಿದ್ರು ಅಕ್ಕ.”

“ಒಪ್ಕೋತಿದ್ರು. ಉಳಿದ ಅರವತ್ತನ್ನ ಯಾರ ಕೆನ್ನೆಗೆ ಅಂಟಿಸೋದು?”

“ಎಪ್ಪತ್ತು ಬರದಿದ್ರೆ?”

“ನೀನು ಹೇಳಿದ್ದೇ ಸರಿ ಅಂತಾಗುತ್ತೆ. ನಾನೇ ಬಂದು ನಿನ್ನ ಕೈ ಕೆಳಗೆ ಕೂರ್ತೀನಿ.”

“ಆ ಕಷ್ಟ ನನಗೆ ಬೇಡ ತಾಯಿ,” ಎಂದು ತಮ್ಮ ತನ್ನ ಕಟ್ಟಡದ ಕಡೆ ತಿರುಗಿದ.

ಪರೀಕ್ಷಾ ಕೋಣೆಯಲ್ಲಿ ಒಬ್ಬರೂ ಕೆಲಸ ಮಾಡುತ್ತಿರಲಿಲ್ಲ, ಎಲ್ಲರೂ ಮಾಡುತ್ತಿರುವಂತೆ ಕೂತಿದ್ದರು. ಅಕ್ಕ ರ‍್ಯಾಕನ್ನು ಬಾಗಿಲ ಬಳಿ ನಿಲ್ಲಿಸಿ ಸುತ್ತಿಬಳಸದೆ ಹೇಳಿದಳು. ಒಂದು ಚಿಪ್ಪು, ಹದಿನೆಂಟು ತಿಂಗಳು, ನೂರಕ್ಕೆ ಎಪ್ಪತ್ತು. ಸಂಖ್ಯೆ ಕೇಳಿ ಕೆಲವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಮೂಲೆಯಲ್ಲಿ ಸೂಕ್ಷ್ಮದರ್ಶಕದ ಮೇಲೆ ಬಗ್ಗಿದ್ದ ಹಿರಿಯನೊಬ್ಬ ತಲೆಯೆತ್ತಿದ. ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ಅವನು ಹೊಗಳಿದ್ದನ್ನು ಕಂಡವರಿಲ್ಲ.

“ಎಪ್ಪತ್ತು ಅಂತ ಯಾರು ಬರೆದಿದ್ದು?”

“ನಾನೇ ಬರೆದೆ.”

“ಕೇಳಿ ಬರೀಬೇಕಿತ್ತು.”

“ಜಾಸ್ತಿ ಆಯ್ತಾ?”

ಹಿರಿಯ ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ನಿಧಾನವಾಗಿ ಒರೆಸಿದ. “ಹದಿನಾಲ್ಕು ವರ್ಷ ನಮ್ಮ ಜೊತೆ ಇದ್ದೂ, ನಮ್ಮನ್ನ ಎಪ್ಪತ್ತಕ್ಕೇ ನಿಲ್ಲೋರು ಅಂದ್ಕೊಂಡ್ಯಲ್ಲ,” ಎಂದ. “ಆ ರ‍್ಯಾಕ್ ಇತ್ತ ತಳ್ಳು. ತೊಂಬತ್ತಮೂರೂ ಯಾಕೆ ಸುಡ್ತಿವೆ ಅಂತ ಒಂದೊಂದಾಗಿ ಬಿಚ್ಚಿ ನೋಡೋಣ.”