ಕುಮುದಳ ಅಂಗಿಯ ಐದು ಗುಂಡಿಗಳು

ನನ್ನ ಮಗಳು ಕುಮುದಳ ಅಂಗಿಗೆ ಐದು ಗುಂಡಿಗಳಿದ್ದವು. ಅವನ್ನು ಹಾಕಿಕೊಳ್ಳಲು ಅವಳಿಗೆ ಕಾಲು ಗಂಟೆ ಬೇಕಿತ್ತು. ಅಷ್ಟಾದರೂ ಯಾವುದೋ ಒಂದು ತಪ್ಪಿ, ಕೊರಳಪಟ್ಟಿ ಒಂದು ಕಡೆ ಮೇಲೇರಿರುತ್ತಿತ್ತು. ನನಗೋ ತಾಳ್ಮೆ ಹುಟ್ಟಿನಿಂದಲೇ ಕಡಿಮೆ. ಅವಳ ಕೈ ಸರಿಸಿ ನಾನೇ ಟಕಟಕನೆ ಹಾಕಿ ಮುಗಿಸುತ್ತಿದ್ದೆ.

ಶಿಶುವಿಹಾರದ ದಾಕ್ಷಾಯಿಣಿ ಟೀಚರ್ ಮೊದಲ ವಾರವೇ ಇದನ್ನು ಕಂಡುಹಿಡಿದರು. "ನಾಳೆಯಿಂದ ಅವಳೇ ಹಾಕ್ಕೊಳ್ಳಲಿ, ತಪ್ಪಿದ್ರೂ ಹಾಗೇ ಕಳ್ಸಿ. ಆ ಬೆರಳುಗಳು ಮೊದ್ಲು ಗುಂಡಿ ಹಿಡಿಯೋದು ಕಲೀಲಿ, ಬಳಪ ಆಮೇಲೆ," ಎಂದರು. ಊಟಕ್ಕೆ ತಟ್ಟೆಗಳನ್ನು ಅವಳೇ ಎಣಿಸಿ ಹಾಕಲಿ, ಅವಳು ಕತೆ ಹೇಳುವಾಗ ನೀವು ನಡುವೆ ಬಾಯಿ ಹಾಕಬೇಡಿ ಎಂದೂ ಹೇಳಿದರು. ಅವರ ಕೋಣೆಯಲ್ಲಿ ಮಕ್ಕಳು ಹುಣಿಸೆಬೀಜ ಜೋಡಿಸುತ್ತಿದ್ದರು, ಚೆಂಬಿನಿಂದ ಲೋಟಕ್ಕೆ ನೀರು ಬಗ್ಗಿಸುತ್ತಿದ್ದರು, ಜಗಳವಾಡಿ ತಾವೇ ರಾಜಿಯಾಗುತ್ತಿದ್ದರು. ಕಾಪಿ ಪುಸ್ತಕಗಳು ಮಾತ್ರ ಖಾಲಿ ಇದ್ದವು.

ಆ ಖಾಲಿ ಪುಸ್ತಕ ನನ್ನ ಮಾವನವರ ಕಣ್ಣಿಗೆ ಬಿತ್ತು. ಶಿಶುವಿಹಾರದ ಸಮಿತಿಗೆ ಅವರೇ ಅಧ್ಯಕ್ಷರು. "ನನ್ನ ಮೊಮ್ಮಗಳಿಗೇ ಅ ಆ ಬರಲ್ಲ ಅಂದ್ರೆ ಊರು ನಗುತ್ತೆ. ದಿನಾ ಒಂದು ಪುಟ ಬರೆಸಮ್ಮ," ಎಂದು ಅಪ್ಪಣೆ ಮಾಡಿದರು. ಬರೆಸಿದೆ. ಎರಡು ತಿಂಗಳಲ್ಲಿ ಪುಸ್ತಕ ಮುತ್ತು ಪೋಣಿಸಿದಂತೆ ತುಂಬಿತು. ಮಾವ ತಲೆದೂಗಿದರು, ನಾನೂ ಬೀಗಿದೆ. ಸುಳ್ಳೇಕೆ ಹೇಳಲಿ.

ಆ ಪುಸ್ತಕವೇ ಟೀಚರ ಕುತ್ತಿಗೆಗೆ ಬರುತ್ತದೆಂದು ನನಗೆ ಹೊಳೆದಿರಲಿಲ್ಲ. ತಂದೆತಾಯಿಯರ ಸಭೆ ಕರೆದು ಮಾವ ಅದನ್ನು ಎಲ್ಲರೆದುರು ಬಿಡಿಸಿ ಹಿಡಿದರು. "ಮನೇಲಿ ನನ್ನ ಸೊಸೆ ಇಷ್ಟು ಕಲಿಸಿದಾಳೆ. ಇಲ್ಲಿ ಬೀಜ ಆಡಿಸ್ತಾರೆ. ಮುಂದಿನ ತಿಂಗಳಿಂದ ಬೇರೆ ಟೀಚರ್ ಬರ್ತಾರೆ." ದಾಕ್ಷಾಯಿಣಿ ಟೀಚರ್ ಪುಟ ತಿರುವಿ ನೋಡಿದರು, ಒಮ್ಮೆ ನನ್ನ ಕಡೆಗೂ ನೋಡಿದರು. ಅವರಿಗೆ ತಿಳಿದುಹೋಗಿತ್ತು.

"ಬಾ ಪುಟ್ಟಿ, ಬೋರ್ಡಿನ ಮೇಲೆ ಒಂದು ಅ ಬರಿ," ಎಂದು ಮಾವ ಮೊಮ್ಮಗಳನ್ನು ಕರೆದರು.

ಕುಮುದ ಬಳಪ ಹಿಡಿದು ಬೋರ್ಡಿನ ಮುಂದೆ ನಿಂತಳು. ಬರೆಯಲಿಲ್ಲ. ಮುಷ್ಟಿಯನ್ನು ನನ್ನತ್ತ ಚಾಚಿ, "ಅಮ್ಮ, ಬಾ. ಕೈ ಹಿಡ್ಕೋ," ಎಂದಳು.

ನಮ್ಮೂರಿನ ತಾಯಂದಿರೆಲ್ಲ ತಿದ್ದಿಸುವ ರೀತಿ ಅದೇ: ಮಗುವಿನ ಮುಷ್ಟಿಯನ್ನು ನಮ್ಮ ಮುಷ್ಟಿಯಲ್ಲಿಟ್ಟು ಎಳೆಯುವುದು. ಮೊದಲ ವಾರ ಅವಳ ಕೈ ನನ್ನೊಡನೆ ಜಗ್ಗಾಡುತ್ತಿತ್ತು. ಆಮೇಲೆ ಸೋತು ಸುಮ್ಮನಾಗಿತ್ತು. ಅದನ್ನೇ ನಾನು ಕಲಿಕೆ ಎಂದುಕೊಂಡಿದ್ದೆ.

"ಮಗು ನಾಚ್ಕೊಳ್ತಿದೆ," ಎಂದು ಮಾವ ನಕ್ಕರು. "ನೀನು ಕೂತಿರಮ್ಮ, ಆಮೇಲೆ ಬರೀತಾಳೆ."

ನಾನು ಎದ್ದು ನಿಂತೆ. "ಕೂರಲ್ಲ ಮಾವ. ಆ ಪುಸ್ತಕದಲ್ಲಿರೋ ಅಕ್ಷರ ಎಲ್ಲಾ ನಂದು. ಕುಮುದ ಒಂದೂ ಬರೆದಿಲ್ಲ, ನಾನು ಬರೆಯೋಕೆ ಬಿಟ್ಟಿಲ್ಲ. ಟೀಚರ್ ಹೋಗೋದಾದ್ರೆ ನನ್ನ ಮಗಳೂ ಅವರ ಹಿಂದೇ ಹೋಗ್ತಾಳೆ. ಅವರ ಮನೆ ಜಗಲೀಲಿ ಕೂತು ಬೀಜ ಜೋಡಿಸ್ತಾಳೆ."

ಮನೆಯಲ್ಲಿ ಮಾವನವರ ಮುಂದೆ ಜೋರಾಗಿ ಕೆಮ್ಮಿದವಳೂ ಅಲ್ಲ ನಾನು. ಅವರ ಮುಖ ಕಪ್ಪಿಟ್ಟಿತು. ಆಮೇಲೆ ಹಿಂದಿನ ಸಾಲಿನಿಂದ ದರ್ಜಿ ಹುಸೇನಪ್ಪನ ಹೆಂಡತಿ, "ನಮ್ಮನೇಲೂ ನಾನೇ ಬರೆಯೋದು," ಎಂದಳು. ಇನ್ನೊಬ್ಬಳು ಸೆರಗು ಬಾಯಿಗಿಟ್ಟು ಹೌದೆಂದು ತಲೆಯಾಡಿಸಿದಳು. ಬೇರೆ ಟೀಚರನ್ನು ಕರೆಸುವ ಮಾತು ಅಲ್ಲಿಗೇ ನಿಂತಿತು.

ಮರುದಿನ ಬೆಳಿಗ್ಗೆ ಕುಮುದ ಅಂಗಿ ತೊಟ್ಟು ಕಾಲು ಗಂಟೆ ಹೆಣಗಿದಳು. ನಾನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಗೋಡೆಗೊರಗಿ ನಿಂತೆ. ನನ್ನ ಜೀವಮಾನದಲ್ಲಿ ಅಷ್ಟು ಕಷ್ಟದ ಕೆಲಸ ಮಾಡಿರಲಿಲ್ಲ. ಹೊರಟಾಗ ಜಗಲಿಯಲ್ಲಿದ್ದ ಮಾವ, "ಗುಂಡಿ ತಪ್ಪಿದೆ," ಎಂದರು.

"ಗೊತ್ತು ಮಾವ. ಅವಳೇ ಹಾಕ್ಕೊಂಡಿದ್ದು," ಎಂದೆ.

ಪೇಟೆಬೀದಿಯಲ್ಲಿ ಕುಮುದ ನನ್ನ ಕೈ ಬಿಡಿಸಿಕೊಂಡು ಮುಂದೆ ನಡೆದಳು. ಕೊರಳಪಟ್ಟಿಯ ಒಂದು ತುದಿ ಅವಳ ಕಿವಿಗೆ ತಾಗುತ್ತಿತ್ತು.