ಬಾವುಟದ ಮನೆಗೆ ಒಂದು ಪತ್ರ

ಮಿರ್ಚಿಯ ವಾಸನೆ, ಇಷ್ಟು ಬೆಳಿಗ್ಗೆ ಹೊಸಪೇಟೆ ಸ್ಟೇಷನ್ನಿನಲ್ಲಿ ಯಾರು ಮಿರ್ಚಿ ಕರಿಯುತ್ತಿದ್ದಾರೆ ಎಂದು ತಿರುಗಿದರೆ ವಾಸನೆ ನಮ್ಮ ಬೆಂಚಿನಿಂದಲೇ ಬರುತ್ತಿದೆ, ಅವ್ವನ ತೊಡೆಯ ಮೇಲಿನ ಸ್ಟೀಲ್ ಡಬ್ಬಿಯಿಂದ, ಕೋಳಿ ಕೂಗುವ ಮೊದಲೇ ಎದ್ದು ಕರಿದಿದ್ದಾಳೆ, ಒಗ್ಗರಣೆ ಮಂಡಕ್ಕಿ ಬೇರೆ, ಮನೆಗೆ ಹೋಗಿ ತಿನ್ನಬಹುದಲ್ಲವ್ವ ಅಂದರೆ ನಮ್ಮೂರು ಬಂಡ್ರಿ ಮುಟ್ಟೋತನಕ ನನ್ನ ಮಗ ಉಪಾಸ ಇರ್ಬೇಕೇನು ಅಂತಾಳೆ — ಹಂಪಿ ಎಕ್ಸ್‌ಪ್ರೆಸ್ ಇಪ್ಪತ್ತು ನಿಮಿಷ ತಡವೆಂದು ಮೈಕು ಮೂರು ಭಾಷೆಯಲ್ಲಿ ಹೇಳಿತು, ಹೇಳಲಿ, ಹನ್ನೊಂದು ತಿಂಗಳು ನೆಲ ತುಳಿಯದವನಿಗೆ ಇಪ್ಪತ್ತು ನಿಮಿಷ ಯಾವ ಲೆಕ್ಕ, ಅವ್ವ ಮಾತ್ರ ಹಳಿಯ ಕಡೆ ಕತ್ತು ಚಾಚಿ ರೈಲನ್ನು ಬೈಯುತ್ತಿದ್ದಾಳೆ, ಜಲ್ದಿ ಬಾರಲೇ ಹಾಳಾದ್ದೇ, ಪಕ್ಕದಲ್ಲಿ ಕೂತ ಪೊಲೀಸಿನವನು ನಕ್ಕ, ನಾನೂ ನಕ್ಕೆ, ಎಷ್ಟು ದಿನವಾಯಿತು ಹೀಗೆ ಸುಮ್ಮಸುಮ್ಮನೆ ನಗು ಬಂದು. ನನ್ನ ತಮ್ಮ ಕಿರಣ ಸಮುದ್ರಕ್ಕೆ ಹೋಗುತ್ತೇನೆ ಅಂದಾಗಲೂ ನಾವು ನಕ್ಕಿದ್ದೆವು, ಸಂಡೂರಿನ ಗುಡ್ಡದ ನಡುವೆ ಬೆಳೆದವನು, ಡ್ಯಾಮಿಗಿಂತ ದೊಡ್ಡ ನೀರು ನೋಡದವನು, ಹಂಪಿಯ ಹೋಟೆಲಿನಲ್ಲಿ ವಿದೇಶದವರಿಗೆ ಪ್ಯಾನ್‌ಕೇಕ್ ಮಾಡಿಕೊಟ್ಟು ಮಾಡಿಕೊಟ್ಟು ಅವರ ದೇಶ ನೋಡುವ ಹುಚ್ಚು ಹತ್ತಿ, ತರಬೇತಿ ಮುಗಿಸಿ ಸರಕಿನ ಹಡಗಿನ ಅಡುಗೆಯವನಾದ, ಮೊದಲ ಫೋನಿನಲ್ಲಿ ಅವ್ವ ಕೇಳಿದ್ದು ಒಂದೇ, ನೀರು ಉಪ್ಪಂತಲ್ಲೋ, ಮತ್ತ ಸಾರಿಗೆ ಏನ್ ಮಾಡ್ತೀಯ.

ಆಮೇಲೆ ಆ ಹಡಗು ನಿಂತಿತು. ಆಫ್ರಿಕಾದ ಕಡೆಯ ಒಂದು ಬಂದರು, ದಡದಿಂದ ಮೂರು ಮೈಲಿ ದೂರ, ಲಂಗರು ಹಾಕಿ ಕಾಯಿರಿ ಅಂದ ಯಜಮಾನ ಫೋನೇ ಎತ್ತಲಿಲ್ಲ, ಮುಳುಗಿದ್ದು ಹಡಗಲ್ಲ, ಅವನ ಕಂಪನಿ, ದಡ ಕಾಣುತ್ತದೆ, ದೀಪ ಕಾಣುತ್ತದೆ, ಬಂದರಿನವರು ಇಳಿಯಲು ಬಿಡುವುದಿಲ್ಲ, ಎಂಟು ಜನ, ನಾಲ್ಕು ದೇಶದವರು, ಡೀಸೆಲ್ ಉಳಿಸಲು ದಿನಕ್ಕೆ ಎರಡು ಗಂಟೆ ಮಾತ್ರ ಕರೆಂಟು, ಅಷ್ಟರಲ್ಲೇ ಫೋನ್ ಚಾರ್ಜು, ಅಷ್ಟರಲ್ಲೇ ಅಡುಗೆ, ನಾಲ್ಕನೆಯ ತಿಂಗಳಿಗೆ ಅಕ್ಕಿಯ ಡಬ್ಬ ಬಡಿದರೆ ಗಂಟೆಯಂತೆ ಸದ್ದು ಬರುತ್ತೈತಕ್ಕ ಅಂದ, ನಗುತ್ತಲೇ ಅಂದ, ಆ ನಗುವಿಗೇ ನನಗೆ ಭಯವಾಗಿದ್ದು. ಅವನನ್ನು ಕೆಲಸಕ್ಕೆ ಹಚ್ಚಿದ ಮುಂಬೈನ ಏಜೆಂಟಿಗೆ ಹದಿನಾಲ್ಕು ಪತ್ರ, ಉತ್ತರವಿಲ್ಲ, ಹೊಸಪೇಟೆ ಕೋರ್ಟಿನ ಎದುರು ಶಂಭುಲಿಂಗ ವಕೀಲರ ಆಫೀಸಿನಲ್ಲಿ ಟೈಪ್ ಮಾಡುವವಳು ನಾನು, ಊರಿನವರ ಗೋಳೆಲ್ಲ ನನ್ನ ಬೆರಳ ತುದಿಯಿಂದ ಇಳಿದು ಕಾಗದವಾಗುತ್ತದೆ, ನನ್ನ ಗೋಳು ಯಾವ ಕೋರ್ಟಿಗೆ ಬರೆಯಬೇಕು ಎಂದೇ ತಿಳಿಯಲಿಲ್ಲ, ಕೇಳಿದೆ, ವಕೀಲರು ಕನ್ನಡಕ ತೆಗೆದರು, ನೋಡವ್ವ ಅನುಸೂಯಾ, ನಾನು ಕಂಪ್ಲಿ ಕಾಲುವೆ ನೀರಿನ ಕೇಸ್ ಮಾಡಾವ, ಸಮುದ್ರದ ನೀರು ನಂಗ ಗೊತ್ತಿಲ್ಲ, ಅಂದವರು ಮರುದಿನ ನೂರು ಪುಟ ಪ್ರಿಂಟ್ ತೆಗೆದು ನನ್ನ ಟೇಬಲ್ಲಿನ ಮೇಲೆ ಇಟ್ಟಿದ್ದರು, ಕಡಲ ಕಾರ್ಮಿಕರ ಬಗ್ಗೆ ದೇಶ ದೇಶಗಳು ಕೂತು ಮಾಡಿಕೊಂಡ ಒಪ್ಪಂದ, ನಮ್ಮ ದೇಶ ಸಹಿ ಹಾಕಿದೆ, ಹಡಗಿನ ಬಾವುಟದ ದೇಶ ಹಾಕಿದೆ, ಬಂದರಿನ ದೇಶವೂ ಹಾಕಿದೆ, ಓದು, ನಾನೂ ಓದ್ತೀನಿ, ಅಂದರು.

ಭಾನುವಾರ ಮಧ್ಯಾಹ್ನಗಳೆಲ್ಲ ಅದೇ, ಫ್ಯಾನಿನ ಗಾಳಿಗೆ ಪುಟ ಹಾರದಂತೆ ಅವರು ಚಹಾ ಲೋಟ ಇಡುತ್ತಿದ್ದರು, ಬಾವುಟ ಅಂದರೇನು ಎಂದು ಅವ್ವನಿಗೆ ತಿಳಿಸಲು ನನಗೆ ಒಂದು ಸಂಜೆ ಬೇಕಾಯಿತು, ಹಡಗು ಯಾರದೋ, ನಿಂತ ನೀರು ಯಾರದೋ, ಆದರೆ ಅದರ ಮೇಲೆ ಹಾರುವ ಬಾವುಟ ಒಂದು ಪುಟ್ಟ ದ್ವೀಪದ ದೇಶದ್ದು, ಅಲ್ಲಿ ಹಡಗಿನ ಹೆಸರು ಬರೆಸಿದ್ದಾರೆ, ಹಾಗಾಗಿ ಹಡಗಿನೊಳಗಿನ ಜನ ಆ ದೇಶದ ಹೊಣೆ, ಅವ್ವ ಮೊರ ಕೆಳಗಿಟ್ಟಳು, ಗಣಿಯಲ್ಲಿ ಇಪ್ಪತ್ತು ವರ್ಷ ಅದಿರು ಹೊತ್ತವಳು, ಮೇಸ್ತ್ರಿ ಯಾರು, ಮಾಲೀಕ ಯಾರು ಎಂದು ಕೇಳಿ ಕೇಳಿ ಸುಸ್ತಾದವಳು, ಅಷ್ಟ ಅಲ್ಲೇನವ್ವ, ಹಂಗಾದ್ರ ಆ ಬಾವುಟದ ಮನಿಗೆ ಪತ್ರ ಬರಿ, ಅಂದಳು. ಬರೆದೆ. ಮುಂದೆ ಓದುವಾಗ ವಕೀಲರ ಬೆರಳು ಒಂದು ಸಾಲಿನ ಮೇಲೆ ನಿಂತಿತು, ಎರಡು ತಿಂಗಳ ಸಂಬಳ ನಿಂತರೆ, ಊಟ ನೀರು ನಿಂತರೆ, ನಾವಿಕರನ್ನು ಕೈಬಿಟ್ಟಂತೆಯೇ ಲೆಕ್ಕ, ಆಗ ಅವರನ್ನು ಮನೆ ಮುಟ್ಟಿಸಲು ವಿಮೆ ಇರಲೇಬೇಕು, ಆ ವಿಮೆಯ ಕಾಗದ ಹಡಗಿನೊಳಗೆ ಎಲ್ಲರ ಕಣ್ಣಿಗೆ ಬೀಳುವಂತೆ ಅಂಟಿಸಿರಲೇಬೇಕು — ಫೋನ್ ಮಾಡಿದೆ, ಲೇ ಕಿರಣ, ಊಟದ ಕೋಣೆಯ ಗೋಡೆ ಮೇಲೆ ಏನೈತಿ ನೋಡು, ಏನಿಲ್ಲಕ್ಕ, ಕ್ಯಾಲೆಂಡರ್ ಐತಿ, ಕ್ಯಾಲೆಂಡರ್ ಹಿಂದ ನೋಡೋ, ಮೊಳೆ ಕಿತ್ತ ಸದ್ದು, ಅಕ್ಕಾ, ಒಂದು ಕಾಗದ ಐತಿ, ಗಾಜಿನ ಚೌಕಟ್ಟು ಹಾಕ್ಯಾರ, ಇನ್ಶೂರೆನ್ಸ್ ಕಂಪನಿ ಹೆಸರು, ನಂಬರು — ಐದು ತಿಂಗಳು ಅದೇ ಗೋಡೆಗೆ ಬೆನ್ನು ಕೊಟ್ಟು ಗಂಜಿ ಕುಡಿದಿದ್ದರು, ಕರೆಂಟು ಹೋಗುವ ಮೊದಲು ಫೋಟೊ ಕಳಿಸು ಕಳಿಸು ಎಂದು ನಾನು ಕೂಗಿದ ಕೂಗಿಗೆ ಪಕ್ಕದ ಜೆರಾಕ್ಸ್ ಅಂಗಡಿಯವರು ಓಡಿ ಬಂದರು.

ವಿಮೆಯವರಿಗೆ ಬರೆದ ಒಂಬತ್ತನೆಯ ದಿನ ಉತ್ತರ, ಮಾನ್ಯ ಅನುಸೂಯಾ ಅವರೇ ಎಂದು ಶುರು, ವಕೀಲರು ಮೂರು ಸಲ ಓದಿಸಿದರು, ಮಾನ್ಯ ಅಂದಾರ ನೋಡು ಅಂತ, ಅದೇ ವಾರ ಒಂದು ದೋಣಿ ಹಡಗಿನ ಪಕ್ಕಕ್ಕೆ ಬಂತು, ಅಕ್ಕಿ, ನೀರು, ಡೀಸೆಲ್, ಒಂದು ಮೂಟೆ ಈರುಳ್ಳಿ, ಕಿರಣ ವಿಡಿಯೊದಲ್ಲಿ ಈರುಳ್ಳಿಗೆ ಮುತ್ತು ಕೊಟ್ಟ. ಇನ್ನೂ ನಾಲ್ಕು ತಿಂಗಳಿಗೆ ಬಾವುಟದ ದೇಶದಿಂದಲೂ ಪತ್ರ, ನಮ್ಮ ರಾಯಭಾರ ಕಚೇರಿಯಿಂದ ಪಾಸ್‌ಪೋರ್ಟಿನ ಏರ್ಪಾಡು, ಟಿಕೆಟ್ ಕೈಗೆ ಬಂತು ಅನ್ನುವಾಗ ಅವನು ಹೇಳುತ್ತಾನೆ, ಅಕ್ಕಾ, ನಾ ಈಗ ಬರಂಗಿಲ್ಲ. ಹಡಗನ್ನು ಖಾಲಿ ಬಿಡುವಂತಿಲ್ಲ, ಬಂದರಿನವರು ಕಾವಲಿನವರನ್ನು ಕಳಿಸುವವರೆಗೆ ಮೂವರು ಇರಬೇಕು, ವಯಸ್ಸಾದ ಇಂಜಿನಿಯರ್ ಒಬ್ಬ, ಕ್ಯಾಪ್ಟನ್ ಒಬ್ಬ, ಮೂರನೆಯವನಾಗಲು ಯಾರೂ ಮುಂದೆ ಬರಲಿಲ್ಲವಂತೆ, ಇವನೇ ಕೈ ಎತ್ತಿದನಂತೆ, ನಾನು ಬಂದ್ರ ಅವ್ರಿಗೆ ಅಡುಗಿ ಯಾರು ಮಾಡ್ತಾರಕ್ಕ. ನಾನು ಬೈದೆ, ಅತ್ತೆ, ಫೋನ್ ಕಟ್ ಮಾಡಿದೆ, ನೂರು ಪುಟ ಓದಿ ನಿನಗೆ ಹಕ್ಕು ತಂದುಕೊಟ್ಟವಳು ನಾನು, ಅದನ್ನು ಬೇರೆಯವರಿಗೆ ಬಡಿಸಿಬಿಟ್ಟೆಯಲ್ಲೋ — ಅವ್ವ ಮಾತ್ರ ಸಿಟ್ಟಾಗಲಿಲ್ಲ, ಸೆರಗಿನಿಂದ ಮುಖ ಒರೆಸಿಕೊಂಡು, ಇರ್ಲಿ ಬಿಡವ್ವ, ಉಣ್ಣೋರ್ನ ಬಿಟ್ಟು ಒಲಿ ಆರ್ಸಿ ಬರಾಕ ಆಗ್ತದೇನು, ಅಂದಳು, ಆಮೇಲೆ ಆರು ವಾರ ಬಂದರಿನ ಕಚೇರಿಗೆ ನಾನು ಪ್ರತಿ ಸೋಮವಾರ ಪತ್ರ ಬರೆದೆ, ನೀವೂ ಸಹಿ ಹಾಕಿದ್ದೀರಿ, ನೆನಪಿದೆಯೇ, ಕೊನೆಗೆ ಅವರೇ ನಾಲ್ವರು ಕಾವಲಿನವರನ್ನು ಹಡಗು ಹತ್ತಿಸಿ ಈ ಮೂವರನ್ನು ಇಳಿಸಿದರು, ಇನ್ನು ಸೋಮವಾರ ಏನು ಮಾಡುವುದೋ ನಾನು.

ರೈಲು, ಹೌದು ರೈಲು, ಅವ್ವ ಡಬ್ಬಿ ನನ್ನ ಕೈಗೆ ತುರುಕಿ ಓಡಿದಳು, ಎಸ್ ಐದು, ಎಸ್ ಆರು, ಬಾಗಿಲಲ್ಲಿ ಗಡ್ಡದವನೊಬ್ಬ, ಅವನೇ, ಇಷ್ಟು ಸಣ್ಣಗಾಗಿದ್ದಾನೆ, ಅವ್ವ ಮೊದಲು ಬೆನ್ನಿಗೆ ಎರಡು ಬಿಟ್ಟಳು, ಆಮೇಲೆ ಬಾಯಿಗೆ ಮಿರ್ಚಿ ಇಟ್ಟಳು, ಅವನ ಕಣ್ಣಲ್ಲಿ ನೀರು, ಖಾರಕ್ಕವ್ವ ಅಂದ, ಸುಳ್ಳ, ಅಕ್ಕಾ ಬೈಬ್ಯಾಡ ಅಂದ, ಯಾರು ಬೈಯುತ್ತಾರೆ ಈಗ, ಬ್ಯಾಗು ಕಸಿದುಕೊಂಡೆ, ಹೊರಗೆ ಆಟೊದವರು ಸಂಡೂರ್ ಬಸ್‌ಸ್ಟ್ಯಾಂಡಾ ಬರ್ರಿ ಕುಂದ್ರಿ ಎಂದು ಕರೆಯುತ್ತಿದ್ದಾರೆ, ಅವನು ಬರುತ್ತಿಲ್ಲ, ತಿರುಗಿದರೆ ಕಾಂಪೌಂಡಿನ ಪಕ್ಕ ಬೇವಿನ ಮರದ ಕೆಳಗೆ ನಿಂತಿದ್ದಾನೆ, ಬಗ್ಗಿ ಬೂಟು ಬಿಚ್ಚುತ್ತಿದ್ದಾನೆ, ಏನೋ ಅದು ಅಂದೆ, ವಿಮಾನ, ರೈಲು, ಎಲ್ಲಾ ಕಬ್ಬಿಣ, ಸಿಮೆಂಟು ಅಕ್ಕ, ಇನ್ನಾ ಮಣ್ಣು ಮುಟ್ಟಿಲ್ಲ, ತಡಿ — ಸಾಕ್ಸು ತೆಗೆದ, ಕಾಲಿಟ್ಟ, ಅದಿರಿನ ಧೂಳು ಬೆರೆತ ಕೆಂಪು ಮಣ್ಣು, ಅದರ ಮೇಲೆ ಬಿಸಿಲು ಕಾಣದೆ ಬಿಳುಚಿದ ಎರಡು ಪಾದ, ಆಟೊದವನು ಮತ್ತೆ ಕರೆದ, ಅವ್ವ ಏನೋ ಅಂದಳು, ಕೇಳಿಸಲಿಲ್ಲ, ಕೆಂಪು ಮಣ್ಣು, ಬಿಳಿ ಪಾದ, ಬೆರಳುಗಳು ಒಂದೊಂದಾಗಿ ಮಣ್ಣು ಒತ್ತುತ್ತಿವೆ, ಬಿಡುತ್ತಿವೆ, ಮತ್ತೆ ಒತ್ತುತ್ತಿವೆ, ಬಿಳಿ ಪಾದ, ಕೆಂಪು ಮಣ್ಣು, ಹತ್ತು ಬೆರಳು —